ಉಕ್ಕಿನ ನಡುಕ

ಕೊಯಮತ್ತೂರು
3 ಜೂನ್ 2024

ಅಣ್ಣಾ,

ಈ ವಿಷಯ ಫೋನಿನಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ನಾನು ಫೋನು ಮಾಡಿದರೆ ಅವ್ವ ಸ್ಪೀಕರ್ ಹಾಕಿಕೊಂಡು ನಿನ್ನ ಪಕ್ಕದಲ್ಲೇ ಕೂರುತ್ತಾಳೆ. ನೀನು ‘ಹೂಂ’, ‘ಚೆನ್ನಾಗಿದ್ದೀನಿ’ ಎನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೇ ಕಾಗದ.

ಇವತ್ತು ನನ್ನ ಮೇಜಿಗೆ ಒಂದು ಕೆಲಸ ಬಂತು. ಹಾರೋಹಳ್ಳಿಯ ಒಂದು ವರ್ಕ್‌ಶಾಪಿನವರು ನಮ್ಮ ಕಂಪನಿಗೆ ಬರೆದಿದ್ದಾರೆ. ಮಣ್ಣೆತ್ತುವ ಯಂತ್ರಗಳ ಉದ್ದನೆಯ ಸಿಲಿಂಡರುಗಳನ್ನು ಒಳಗಡೆಯಿಂದ ಕೊರೆಯುವಾಗ ಬೋರಿಂಗ್ ಬಾರು, ತುದಿಯಲ್ಲಿ ಅಲಗಿರುವ ಆ ಉದ್ದನೆಯ ಉಕ್ಕಿನ ಸರಳು, ನಡುಗುತ್ತದಂತೆ, ಒಳಮೈಯಲ್ಲೆಲ್ಲ ಅಲೆ ಅಲೆಯಾಗಿ ಗೆರೆ ಬೀಳುತ್ತದಂತೆ, ಗಿರಾಕಿ ಮಾಲನ್ನು ವಾಪಸ್ಸು ಕಳಿಸುತ್ತಿದ್ದಾರಂತೆ. ನಡುಕ ಹೀರಿಕೊಳ್ಳುವ ಬಾರು ಒಂದನ್ನು ಮಾಡಿಕೊಡಿ ಎಂದು ಕೇಳಿದ್ದಾರೆ. ಕೆಳಗೆ ಮಾಲೀಕರ ಸಹಿ: ಕೃಷ್ಣಪ್ಪ.

ಜೊತೆಗೆ ಲೇತಿನ ಫೋಟೋ ಇತ್ತು. ಅದೇ ಮಷೀನು, ಹಸಿರು ಬಾಗಿಲಿನದು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಹೋದ ವರ್ಷ ಆಯುಧಪೂಜೆಯ ಕುಂಕುಮ ಆ ಬಾಗಿಲ ಮೇಲೆ ಇನ್ನೂ ಇರುವಾಗಲೇ ಬಾರು ಕಿರುಚಿಕೊಂಡು, ತುದಿಯ ಇನ್ಸರ್ಟು, ಆ ಕೊರೆಯುವ ಅಲಗು, ಸಿಡಿದು, ಹಲ್ಲಿನಷ್ಟು ದೊಡ್ಡ ಕಾರ್ಬೈಡ್ ತುಂಡು ನಿನ್ನ ಎಡಗಣ್ಣು ತೆಗೆಯಿತು. ಬಾಗಿಲು ತೆರೆದರೆ ಆ ಮಷೀನು ತಾನಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದಕ್ಕೆಂದೇ ಬಾಗಿಲಲ್ಲಿರುವ ಸ್ವಿಚ್ಚಿಗೆ ವೈರು ಸುತ್ತಿ ಅದನ್ನು ಸುಮ್ಮನಾಗಿಸಿದ್ದವನು ಕೃಷ್ಣಪ್ಪ. ಆದರೆ ಕಾರ್ಖಾನೆ ಇನ್‌ಸ್ಪೆಕ್ಟರ ಮುಂದೆ ಸೂಪರ್‌ವೈಸರ್ ಚಿಕ್ಕರಾಜು, ನಮ್ಮ ಅಪ್ಪನ ಕಡೆಯ ಸಂಬಂಧಿ, ‘ಬೈರೇಶನೇ ವೈರು ಹಾಕಿಕೊಂಡಿದ್ದ’ ಎಂದು ಹೇಳಿದ. ನಿನ್ನ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದಾಗ ಆಸ್ಪತ್ರೆಯ ಮಂಚದ ಮೇಲೆ ಅದೇ ಹೇಳಿಕೆಗೆ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಡಿಪ್ಲೊಮಾ ಓದಿದವನ ಹೆಬ್ಬೆಟ್ಟು.

ಈಗ ಅದೇ ಕೃಷ್ಣಪ್ಪ ತನ್ನ ನಡುಕ ನಿಲ್ಲಿಸು ಎಂದು ನನ್ನ ಹತ್ತಿರ ಬಂದಿದ್ದಾನೆ. ಈ ಕೆಲಸ ಮಾಡುವವಳು ಬೈರೇಶನ ತಂಗಿ ಎಂದು ಅವನಿಗೆ ಗೊತ್ತಿಲ್ಲ. ಏನು ಮಾಡಲಿ, ಹೇಳು.

ಮಾನ್ಯ

*

ಮರಳವಾಡಿ
11 ಜೂನ್ 2024

ಮಾನ್ಯಾ,

ನಿನ್ನ ಕಾಗದ ಬಂತು. ಎಲ್ಲರೂ ಚೆನ್ನಾಗಿದ್ದೇವೆ. ಮಳೆ ಒಂದೆರಡು ಸಲ ಹದವಾಗಿ ಬಿದ್ದಿದೆ, ಅಪ್ಪನ ಕುರಿಗಳಿಗೆ ಹಸಿರು ಸಿಕ್ಕಿದೆ. ಎರಡು ಮರಿ ಹಾಕಿವೆ. ಅವ್ವನ ಮಂಡಿನೋವು ಹಾಗೇ ಇದೆ.

ಕೃಷ್ಣಪ್ಪನ ಕೆಲಸ ಬಂದಿದೆ ಎಂದೆಯಲ್ಲ, ಅದನ್ನು ಸರಿಯಾಗಿ ಮಾಡಿ ಕಳಿಸು. ಸರಿಯಾಗಿ ಎಂದರೆ ಸರಿಯಾಗಿ. ನಿನಗೆ ಗೊತ್ತಿರುವುದನ್ನೆಲ್ಲ ಆ ಬಾರಿಗೆ ಹಾಕು. ಅದು ಬಿಟ್ಟು ಬೇರೇನೂ ತಲೆಗೆ ಹಚ್ಚಿಕೊಳ್ಳಬೇಡ. ನನ್ನ ವಿಷಯ ನನಗೆ ಬಿಡು.

ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ಬೈರೇಶ್

*

ಕೊಯಮತ್ತೂರು
24 ಜೂನ್ 2024

ಅಣ್ಣಾ,

ನಿನ್ನ ಕಾಗದ ಓದಿ ಒಂದು ವಾರ ನಾನು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟ ಮಾತು ಬರೆಯುತ್ತಿದ್ದೆ. ಕಣ್ಣು ತೆಗೆದವನಿಗೆ ನೀನು ಒಳ್ಳೆಯ ಬಾರು ಕೊಡು ಎನ್ನುತ್ತೀಯ. ಕುರಿಗಳ ಹಿಂದೆ ತಿರುಗಿ ತಿರುಗಿ ನೀನೂ ತಲೆ ತಗ್ಗಿಸುವುದು ಕಲಿತೆಯೇನೋ ಎಂದುಕೊಂಡೆ. ನೀನು ಬಿಟ್ಟರೂ ನಾನು ಬಿಡುವವಳಲ್ಲ.

ಕೆಲಸ ಮುಗಿಯಿತು. ಬಾರು ಶನಿವಾರ ಲಾರಿಗೆ ಹೋಯಿತು. ಏನು ಮಾಡಿದೆ ಎಂದು ನಿನಗೆ ಹೇಳಿಯೇ ತೀರಬೇಕು.

ನಮ್ಮ ಬಾರಿನ ಮೂತಿ ಟೊಳ್ಳು. ಅದರೊಳಗೆ ತೂಕದ ಲೋಹದ ಗುಂಡೊಂದು ಎರಡು ರಬ್ಬರ್ ಉಂಗುರಗಳ ನಡುವೆ, ಎಣ್ಣೆಯಲ್ಲಿ, ತೂಗಿಕೊಂಡಿರುತ್ತದೆ. ಬಾರು ಒಂದು ಕಡೆಗೆ ಹೊಯ್ದಾಡಿದರೆ ಗುಂಡು ಅದಕ್ಕೆ ಎದುರಾಗಿ ತೂಗಿ ಆ ನಡುಕವನ್ನು ತಿಂದುಹಾಕುತ್ತದೆ. ರಬ್ಬರು ಎಷ್ಟು ಬಿಗಿ ಇರಬೇಕು ಎನ್ನುವುದೇ ಎಲ್ಲ ವಿದ್ಯೆ. ಅದಕ್ಕೆ ಒಂದು ಸ್ಕ್ರೂ ಇದೆ. ಬಾರನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅದು ಎಷ್ಟು ಹೊತ್ತು ಗುಂಯ್ ಎನ್ನುತ್ತದೆ ಎಂದು ಅಳೆದು, ಸ್ಕ್ರೂ ತಿರುಗಿಸಿ, ಮತ್ತೆ ತಟ್ಟಬೇಕು. ಅಪ್ಪ ಡೊಳ್ಳಿನ ಹಗ್ಗ ಎಳೆದು ಎಳೆದು ನೋಡುವುದಿಲ್ಲವೇ, ಹಾಗೆ.

ನಾನು ಅದನ್ನು ಸರಿಯಾಗಿಯೇ ಕೂರಿಸಿದೆ. ಪರೀಕ್ಷೆಯ ವರದಿಗೆ ಸೀಲು ಬಿತ್ತು. ಆಮೇಲೆ, ಪೆಟ್ಟಿಗೆಗೆ ಹಾಕುವ ಮೊದಲು, ಸ್ಕ್ರೂವನ್ನು ಕೊನೆಯವರೆಗೂ ಬಿಗಿದೆ. ಗುಂಡು ಈಗ ಒಳಗೆ ಸಿಕ್ಕಿಹಾಕಿಕೊಂಡಿದೆ, ಅಲ್ಲಾಡುವುದಿಲ್ಲ. ಸಿಲಿಂಡರಿನ ಬಾಯಲ್ಲಿ ಕೊರೆಯುವಾಗ ಬಾರು ಸುಮ್ಮನಿರುತ್ತದೆ. ಪೂರ್ತಿ ಉದ್ದಕ್ಕೆ ಒಳಗೆ ಹೋದಾಗ ಹಳೆಯ ಬಾರಿಗಿಂತ ಕೆಟ್ಟದಾಗಿ ನಡುಗುತ್ತದೆ. ಹೊಸ ಬಾರಿನ ಕೆಲಸ ನೋಡಲು ಗಿರಾಕಿ ಕಂಪನಿಯವರೇ ಬರುತ್ತಾರಂತೆ, ಆ ದಿನ ಅವರ ಕಣ್ಣ ಮುಂದೆಯೇ ಮಾಲು ಕೆಡಬೇಕು. ಆ ಆರ್ಡರು ಹೋದರೆ ಕೃಷ್ಣಪ್ಪನ ವರ್ಕ್‌ಶಾಪು ಉಳಿಯುವುದಿಲ್ಲ.

ಯಾರಿಗೂ ಪೆಟ್ಟಾಗುವುದಿಲ್ಲ. ನಿನ್ನ ಅಪಘಾತವಾದ ಮೇಲೆ ಬಾಗಿಲಿನ ಸ್ವಿಚ್ಚು ಸರಿಮಾಡಿಸಿದ್ದೇವೆ ಎಂದು ಅವರೇ ಬರೆದಿದ್ದಾರೆ. ಕೆಡುವುದು ಕಬ್ಬಿಣ ಮಾತ್ರ. ನನಗೆ ಇದರಲ್ಲಿ ಒಂದಿಷ್ಟೂ ಬೇಜಾರಿಲ್ಲ. ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದೆ.

ಮಾನ್ಯ

*

ಮರಳವಾಡಿ
27 ಜೂನ್ 2024

ಮಾನ್ಯಾ,

ನಿನ್ನಿಂದ ಉತ್ತರ ಬಂದಿಲ್ಲ. ಕೋಪ ಬಂದಿರಬೇಕು. ನಾನು ಮುಚ್ಚಿಟ್ಟಿದ್ದನ್ನು ಈಗ ಹೇಳಿಬಿಡುತ್ತೇನೆ.

ನಾನು ಕುರಿ ಕಾಯುತ್ತಿಲ್ಲ. ಯುಗಾದಿ ಕಳೆದ ಮೇಲೆ ಮತ್ತೆ ಕೃಷ್ಣಪ್ಪನ ಹತ್ತಿರವೇ ಕೆಲಸಕ್ಕೆ ಹೋಗುತ್ತಿದ್ದೇನೆ. ಅದೇ ಲೇತು, ಅದೇ ಹಸಿರು ಬಾಗಿಲು. ಅವ್ವನಿಗೂ ನಿನಗೂ ಹೇಳಬಾರದೆಂದು ಅಪ್ಪನ ಹತ್ತಿರ ಮಾತು ತೆಗೆದುಕೊಂಡಿದ್ದೆ. ಬೆಳಿಗ್ಗೆ ಕುರಿ ದೊಡ್ಡಿ ಕಡೆ ಹೊರಟವನು ಹಾರೋಹಳ್ಳಿ ಬಸ್ಸು ಹತ್ತುತ್ತೇನೆ. ಬಟ್ಟೆಯಲ್ಲಿ ಮಷೀನು ತಂಪು ಮಾಡುವ ಕೂಲೆಂಟಿನ ವಾಸನೆ ಬರುತ್ತದೆಂದು ಅವ್ವ ಗೊಣಗಿದರೆ ಕುರಿಗೆ ಹಚ್ಚುವ ಔಷಧಿ ಎನ್ನುತ್ತೇನೆ.

ಕೃಷ್ಣಪ್ಪ ತಾನಾಗಿ ಹೇಳಿಕಳಿಸಿದ. ಉದ್ದನೆಯ ಸಿಲಿಂಡರು ಕೊರೆಯುವವರು ಅವನಿಗೆ ಸಿಕ್ಕಿರಲಿಲ್ಲ. “ಕೇಸು ಗೀಸು ಅಂತ ಓಡಾಡ್ಬೇಡ ಕಣ್ಲಾ, ಒಂದ್ ಕಣ್ಣಾದ್ರೂ ಕೆಲ್ಸ ಕೊಡ್ತೀನಿ” ಎಂದ. ಕೈಮುಗಿದು ಒಪ್ಪಿಕೊಂಡೆ. ಆವತ್ತಿನಿಂದ ಅವನು ಎಲ್ಲರೆದುರು ನನ್ನನ್ನು ಕರೆಯುವುದೇ ‘ಒಂಟಿಗಣ್ಣ’ ಎಂದು. ಚಿಕ್ಕರಾಜು ನಗುತ್ತಾನೆ. ನಾನೂ ನಗುತ್ತೇನೆ.

ತಲೆ ತಗ್ಗಿಸಿದ್ದೀನಿ ಎಂದುಕೊಳ್ಳಬೇಡ. ನಾನು ಅಲ್ಲಿಗೆ ಹೋಗಿದ್ದು ಒಂದನ್ನು ನೋಡುವುದಕ್ಕೆ. ನೋಡಿದೆ. ಬಾಗಿಲ ಸ್ವಿಚ್ಚಿಗೆ ಸುತ್ತಿದ ವೈರು ಈಗಲೂ ಹಾಗೇ ಇದೆ. ಅದನ್ನು ತೆಗೆದರೆ ಪ್ರತಿ ಸಲ ಬಾಗಿಲು ತೆರೆದಾಗಲೂ ಮಷೀನು ನಿಂತು ಕೆಲಸ ನಿಧಾನವಾಗುತ್ತದೆಂದು ಕೃಷ್ಣಪ್ಪ ತೆಗೆಸಿಯೇ ಇಲ್ಲ. ಅದನ್ನು ನಾನು ಯಾರಿಗಾದರೂ ತೋರಿಸಿದರೆ, ‘ನೋಡಿ, ಮತ್ತೆ ಇವನೇ ಹಾಕಿದ’ ಎನ್ನುತ್ತಾನೆ. ಅದಕ್ಕೇ ಆ ಮಾತು ಅವನ ಬಾಯಿಂದಲೇ ಬರಬೇಕು, ಹೊರಗಿನವರ ಮುಂದೆ ಬರಬೇಕು. ಆ ದಿನಕ್ಕಾಗಿ ಕಾಯುತ್ತಿದ್ದೇನೆ.

ಅದು ಬಂದಿದೆ. ಜುಲೈ ಮೂರನೇ ತಾರೀಖು, ಬುಧವಾರ ಮಧ್ಯಾಹ್ನ, ಗಿರಾಕಿ ಕಂಪನಿಯವರು ಹೊಸ ಬಾರಿನ ಕೆಲಸ ನೋಡಲು ಬರುತ್ತಾರೆ. ಅವರಿಗೆ ಒಳಗೆ ಕಾಣಲಿ ಎಂದು ಬಾಗಿಲು ತೆರೆದೇ ಓಡಿಸು ಎಂದು ಕೃಷ್ಣಪ್ಪ ಈಗಾಗಲೇ ಹೇಳಿದ್ದಾನೆ. ನಿನ್ನ ಬಾರು ಮೊನ್ನೆ ಬಂತು. ಅದು ಸರಿಯಾಗಿದೆ ಎನ್ನುವ ಧೈರ್ಯ ಒಂದಿದೆ ನನಗೆ, ನೀನು ಮಾಡಿದ್ದಲ್ಲವೇ.

ಇನ್ನೊಬ್ಬ ಆಪರೇಟರು ಆಫ್ತಾಬ್, ಚನ್ನಪಟ್ಟಣದವನು, ಅವರ ಮನೆಯವರು ಅರಗು ಹಚ್ಚಿದ ಮರದ ಗೊಂಬೆ ಕಡೆಯುವವರು. ಪೆಟ್ಟಿಗೆ ಬಿಚ್ಚುವಾಗ, “ನಮ್ಮಪ್ಪನ ಲೇತಲ್ಲಿ ಮರ ನಗ್ತದೆ ಬೈರೇಶಣ್ಣ, ಇಲ್ಲಿ ಕಬ್ಬಿಣ ಅಳ್ತದೆ” ಎಂದ. ಒಳ್ಳೆಯವನು. ಬುಧವಾರ ನಮ್ಮಿಬ್ಬರಲ್ಲಿ ಯಾರ ಪಾಳಿ ಎಂದು ಇನ್ನೂ ಹೇಳಿಲ್ಲ.

ಬೈರೇಶ್

*

ಕೊಯಮತ್ತೂರು
3 ಜುಲೈ 2024

ಅಣ್ಣಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಕೈಗೆ ಬಂತು. ಓದುತ್ತಾ ಓದುತ್ತಾ ‘ಬುಧವಾರ’ ಎನ್ನುವ ಮಾತು ಬಂದಾಗ ಗೋಡೆಯ ಕ್ಯಾಲೆಂಡರು ನೋಡಿದೆ.

ನಿನ್ನ ಫೋನು ಸ್ವಿಚ್ಚಾಫ್ ಆಗಿತ್ತು. ಗೇಟಿನಲ್ಲಿ ಫೋನು ತೆಗೆದಿಡುತ್ತಾರೆಂದು ನೆನಪಾಯಿತು. ವರ್ಕ್‌ಶಾಪಿನ ನಂಬರು ನಮ್ಮ ಕಡತದಲ್ಲಿತ್ತು, ಅದಕ್ಕೆ ಮಾಡಿದೆ. ಚಿಕ್ಕರಾಜು ಎತ್ತಿದ. ಹಿಂದೆ ಗದ್ದಲ ಕೇಳುತ್ತಿತ್ತು. ನಾನು ಬೈರೇಶನ ತಂಗಿ ಎಂದೆ, ಆ ಬಾರನ್ನು ಓಡಿಸಬೇಡಿ, ಅದು ಸಿಡಿಯುತ್ತದೆ ಎಂದೆ. ಯಾಕಮ್ಮ ಎಂದ. ಬೇಕಂತಲೇ ಸ್ಕ್ರೂ ಬಿಗಿದು ಕಳಿಸಿದ್ದೇನೆ ಎಂದುಬಿಟ್ಟೆ. ಅವನು, “ಸರ್ಯಾಗಿ ಕೇಳ್ಸ್ನಿಲ್ಲ, ಇನ್ನೊಂದ್ಸಲ ಹೇಳಮ್ಮ” ಎಂದ. ಇನ್ನೊಂದು ಸಲ ಹೇಳಿದೆ, ಹೆಸರು ಸಮೇತ. “ಆಯ್ತು ಬುಡು, ನಾನ್ ನೋಡ್ಕತೀನಿ” ಎಂದು ಇಟ್ಟ. ಅವನ ಬಗ್ಗೆ ಏನೇನೋ ಅಂದುಕೊಂಡಿದ್ದೆ. ಈ ಒಂದು ಹೊತ್ತಿಗೆ ಒಳ್ಳೆಯವನಾದನಲ್ಲ ಎನಿಸಿತು.

ಸಂಜೆ ನಿನ್ನ ಮೆಸೇಜು ಬಂತು. ‘ಚೆನ್ನಾಗಿದ್ದೀನಿ. ಕಾಗದ ಬರೆಯುತ್ತೀನಿ. ಫೋನು ಮಾಡಬೇಡ.’ ಅಷ್ಟೇ. ಅದನ್ನು ಎಷ್ಟು ಸಲ ಓದಿದರೂ ಅದರಲ್ಲಿ ಇನ್ನೇನೂ ಸಿಗುತ್ತಿಲ್ಲ.

ಆಫ್ತಾಬ್‌ಗೆ ಏನೂ ಆಗಿಲ್ಲ ತಾನೆ? ಒಂದು ಸಾಲಾದರೂ ಬರೆ.

ಮಾನ್ಯ

*

ಮರಳವಾಡಿ
14 ಜುಲೈ 2024

ಮಾನ್ಯಾ,

ಇಷ್ಟು ದಿನ ಬರೆಯದೆ ಇದ್ದದ್ದು ಬೇಕಂತಲೇ. ನೀನು ಒದ್ದಾಡಲಿ ಎಂದು. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನೀನು ಇಪ್ಪತ್ನಾಲ್ಕಕ್ಕೆ ಬರೆದ ಕಾಗದ ಮಂಗಳವಾರ ಸಂಜೆಯೇ ನನ್ನ ಕೈಗೆ ಬಂತು. ಓದಿದೆ. ಬುಧವಾರ ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದೆ. ಬಾರು ಕೆಟ್ಟಿದೆ ಎಂದು ಹೇಳಿ ನಿಲ್ಲಿಸಬಹುದಿತ್ತು. ಸ್ಕ್ರೂ ಸಡಿಲಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಆಫ್ತಾಬನ ಪಾಳಿ ಬಂದಿತ್ತು. ನೀನು ಆ ಕಡೆ ಮಷೀನಿಗೆ ಹೋಗು, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕಳಿಸಿದೆ. ನಾನೇ ಬಾರು ಕಟ್ಟಿದೆ.

ಗಿರಾಕಿ ಕಂಪನಿಯಿಂದ ಬಂದಿದ್ದವರು ನಿಖಾತ್ ಎನ್ನುವ ಇಂಜಿನಿಯರ್ ಮೇಡಮ್ಮು, ಜೊತೆಗೆ ಇಬ್ಬರು. ಕೃಷ್ಣಪ್ಪ ಹೊಸ ಷರಟು ಹಾಕಿದ್ದ. ಚಿಕ್ಕರಾಜು ಆಫೀಸಿನಲ್ಲಿದ್ದ. ನಾನು ಬಾಗಿಲು ಪೂರ್ತಿ ತೆರೆದೆ. ಕಣ್ಣು ಹೋದ ದಿನ ನಾನು ನಿಂತಿದ್ದ ಜಾಗ ಇದೆಯಲ್ಲ, ಬಾರಿನ ಮೂತಿಗೆ ನೇರ, ಅದನ್ನು ಬಿಟ್ಟು ಪಕ್ಕಕ್ಕೆ ಸರಿದೆ. ಕೈಮುಗಿದು ಹೇಳಿದೆ:

“ಸಾರ್, ನೀವೇ ಇಲ್ಲಿ ನಿಂತು ಮೇಡಮ್ಮಿಗೆ ತೋರ್ಸಿ. ನಂಗೆ ಒಂದ್ ಕಣ್ಣು, ಒಳ್ಗಡೆ ಸರ್ಯಾಗ್ ಕಾಣಕಿಲ್ಲ.”

ಅವನು ಬರಲಿಲ್ಲ. “ನೀನೇ ತೋರ್ಸು” ಎಂದ.

“ಯಾಕ್ ಸಾರ್, ಬಾಗ್ಲು ತೆಗ್ದಿದ್ರೆ ಮಷೀನು ತಿರ್ಗಾಕಿಲ್ವಲ್ಲ. ಹೆದ್ರಿಕೆ ಏನೈತೆ?” ಎನ್ನುತ್ತಾ ಹಸಿರು ಗುಂಡಿಯ ಮೇಲೆ ಬೆರಳಿಟ್ಟೆ.

ತೆರೆದೇ ಓಡಿಸು ಎಂದಿದ್ದವನು ಈಗ ಆ ಬಾಗಿಲಿಗೆ ತಾನೇ ಎದುರಾಗಿ ನಿಂತಿದ್ದ, ಅವನ ಮುಖ ಬಿಳಿಚಿಕೊಂಡಿತು. “ಲೇ, ಒತ್ಬೇಡ ಕಣ್ಲಾ, ಬಾಗ್ಲು ಹಾಕು ಮೊದ್ಲು. ತೆಗ್ದಿದ್ರೂ ತಿರುಗ್ತದೆ ಅದು, ನಾನೇ ವೈರ್ ಹಾಕ್ಸಿವ್ನಿ” ಎಂದುಬಿಟ್ಟ.

ಮಾನ್ಯಾ, ಆ ಮಾತಿಗೆ ನಾನು ಎಂಟು ತಿಂಗಳು ಕಾದಿದ್ದೆ. ಮೇಡಮ್ಮು ಅವನ ಕಡೆ ತಿರುಗಿ, “ಯಾವಾಗಿಂದ?” ಎಂದರು. ಅವನು ಹೊಸ ಷರಟಿನ ಕಾಲರು ಸರಿಮಾಡಿಕೊಂಡ. ಹಿಂದಿನ ಅಪಘಾತದ ಸುದ್ದಿ ಅವರಿಗೂ ಗೊತ್ತಿತ್ತು. ನನ್ನ ಮುಖ ನೋಡಿದರು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಾಗಿಲು ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ, ಮಷೀನು ಓಡಿಸಿದೆ. ಅವನ ಆರ್ಡರೂ ಹೋಗಲಿ ಎಂದು. ಮೊದಮೊದಲು ಸುಮ್ಮನಿತ್ತು. ಒಳಗೆ ಹೋಗುತ್ತಾ ಹೋಗುತ್ತಾ ಶುರುವಾಯಿತು. ನಿನಗೆ ಅದು ಲೆಕ್ಕದಲ್ಲಿ ಗೊತ್ತು. ಒಂದು ಸುತ್ತಿನಲ್ಲಿ ಬಿದ್ದ ಗೆರೆ ಮುಂದಿನ ಸುತ್ತಿನಲ್ಲಿ ಇನ್ಸರ್ಟನ್ನು ಒದೆಯುತ್ತದೆ, ಒದ್ದಷ್ಟೂ ಗೆರೆ ಆಳವಾಗುತ್ತದೆ, ಆಳವಾದಷ್ಟೂ ಒದೆತ ಜೋರಾಗುತ್ತದೆ. ನನಗೆ ಅದು ಹಲ್ಲಿನ ಬೇರಿಗೆ ಗೊತ್ತು. ಶೆಡ್ಡಿನ ತಗಡೆಲ್ಲ ಗದಗುಟ್ಟಿತು. ನಾನು ಕೆಂಪು ಗುಂಡಿ ಗುದ್ದುವಷ್ಟರಲ್ಲಿ ಇನ್ಸರ್ಟು ಸಿಡಿದು ಬಾಗಿಲಿನ ಗಾಜಿಗೆ ಬಡಿಯಿತು. ಗಾಜು ಒಡೆಯಲಿಲ್ಲ, ಜೇಡರ ಬಲೆಯ ಹಾಗೆ ಬಿರಿಯಿತು.

ಅದಾದ ಮೇಲೆ ನಿನ್ನ ಫೋನು ಬಂತಂತೆ. ಸದ್ದು ಕೇಳಿ ಶೆಡ್ಡಿಗೆ ಓಡಿಬಂದ ಚಿಕ್ಕರಾಜು ನಡೆದದ್ದನ್ನೆಲ್ಲ ನೋಡಿ ಆಫೀಸಿಗೆ ವಾಪಸ್ಸು ಹೋಗಿದ್ದ. ಆಫೀಸು ಫೋನಿಗೆ ತನ್ನ ಮೊಬೈಲು ಹಿಡಿದು ನಿನ್ನ ಮಾತು ರೆಕಾರ್ಡು ಮಾಡಿಕೊಂಡಿದ್ದಾನೆ. ಎರಡು ಸಲ ಹೇಳಿಸಿಕೊಂಡಿದ್ದು ಅದಕ್ಕೇ.

ಮೇಡಮ್ಮು ಕಾರ್ಖಾನೆ ಇಲಾಖೆಗೆ ದೂರು ಬರೆದರು. ನನ್ನ ಹಳೆಯ ಅಪಘಾತದ ವಿಚಾರಣೆ ಮತ್ತೆ ತೆರೆದಿದೆ. ಇಪ್ಪತ್ತೊಂಬತ್ತನೇ ತಾರೀಖು ಸೋಮವಾರ ರಾಮನಗರಕ್ಕೆ ಬಂದು ಹೇಳಿಕೆ ಕೊಡು ಎಂದು ನನಗೆ ನೋಟೀಸು ಬಂದಿದೆ.

ನಿನ್ನೆ ಕೃಷ್ಣಪ್ಪನೂ ಚಿಕ್ಕರಾಜುವೂ ನಮ್ಮ ಮನೆಗೆ ಬಂದರು. ಅವ್ವನಿಗೆ ಎಲ್ಲ ಗೊತ್ತಾಗಿದ್ದು ಆಗಲೇ. ಕೃಷ್ಣಪ್ಪ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದ: “ಹಳೇ ಹೇಳ್ಕೆ ಹಂಗೇ ಇರ್ಲಿ ಬೈರೇಶ. ವೈರು ನೀನೇ ಹಾಕ್ದೆ ಅಂತ್ಲೇ ಹೇಳ್ಬುಡು. ಇಲ್ದಿದ್ರೆ ನಿನ್ ತಂಗಿ ಬೇಕಂತ ಕೆಟ್ಟ ಬಾರು ಕಳ್ಸಿ ಆಳು ಸಾಯ್ಸಾಕ್ ನೋಡುದ್ಲು ಅಂತ ಪೊಲೀಸ್ರಿಗೆ ಕೊಡ್ತೀನಿ. ಅವ್ಳ ಬಾಯಲ್ಲೇ ಐತೆ.” ಚಿಕ್ಕರಾಜು ಮೊಬೈಲು ಮುಂದೆ ಹಿಡಿದು ನಿನ್ನ ದನಿ ಕೇಳಿಸಿದ.

ಅವ್ವ ಕಾಫಿ ಲೋಟ ಹಿಡಿದು ನಿಂತಿದ್ದಳು. ಕೊಡಲಿಲ್ಲ. “ನನ್ ಮಗ್ಳ ದನಿ ಕೇಳ್ಸಿ ನನ್ ಮಗನ ಕಣ್ಣು ಕೊಂಡ್ಕಳಾಕ್ ಬಂದಿದ್ದೀಯಾ?” ಎಂದಳು. ಚಿಕ್ಕರಾಜುವಿನ ಕಡೆ ಅವಳು ನೋಡಲೂ ಇಲ್ಲ.

ಅವರು ಹೋದರು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ನೀನು ಸ್ಕ್ರೂ ಬಿಗಿಯುವಾಗ ಆ ಮಷೀನಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ಕೇಳಲಿಲ್ಲ. ಅವರು ಬರೆದ ಒಂದು ಸಾಲು ನಂಬಿದೆ, ಯಾರನ್ನು ನಂಬಬಾರದೋ ಅವರದೇ ಸಾಲು. ನಿನ್ನ ಕಾಗದ ಒಂದು ದಿನ ತಡವಾಗಿದ್ದರೆ ಅಲ್ಲಿ ಆಫ್ತಾಬ್ ನಿಂತಿರುತ್ತಿದ್ದ, ಬಾಗಿಲು ತೆರೆದೇ ಇರುತ್ತಿತ್ತು. ಈ ಮಾತು ನಾನು ಮರೆಯುವುದಿಲ್ಲ.

ಆದರೂ ನೀನು ನನ್ನ ತಂಗಿ. ಸೋಮವಾರ ರಾಮನಗರಕ್ಕೆ ಹೋಗಿ ಹಳೆಯ ಹೇಳಿಕೆಯೇ ಸರಿ ಎಂದು ಹೇಳಿ ಬರುತ್ತೇನೆ. ಅವನ ಬಾಯಿಂದ ಆ ಮಾತು ಬಂದದ್ದನ್ನು ಕೇಳಿದೆ, ಅಷ್ಟೇ ಸಾಕು ಎಂದುಕೊಳ್ಳುತ್ತೇನೆ. ಕಣ್ಣಂತೂ ವಾಪಸ್ಸು ಬರುವುದಿಲ್ಲ, ನಿನ್ನ ಬದುಕಾದರೂ ಉಳಿಯಲಿ.

ಬೈರೇಶ್

*

ಕೊಯಮತ್ತೂರು
20 ಜುಲೈ 2024

ಅಣ್ಣಾ,

ಹಾಗೆ ಮಾಡಬೇಡ. ಮಾಡಿದರೂ ಪ್ರಯೋಜನವಿಲ್ಲ.

ನಿನ್ನ ಕಾಗದ ಬಂದ ದಿನವೇ ನಮ್ಮ ವಿಭಾಗದ ಮುಖ್ಯಸ್ಥೆ ಪ್ರತಿಮಾ ಮೇಡಂ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ: ಸೀಲು ಬಿದ್ದ ಮೇಲೆ ಸ್ಕ್ರೂ ಬಿಗಿದದ್ದು, ಯಾಕೆ ಬಿಗಿದೆ ಎನ್ನುವುದು, ನೀನು ಯಾರು ಎನ್ನುವುದು. ಅವರು ಮೈಸೂರು ಕಡೆಯವರು, ನನ್ನ ಮೇಲೆ ತುಂಬ ವಿಶ್ವಾಸ ಇಟ್ಟಿದ್ದವರು. ಬೈಯಲಿಲ್ಲ. “ನೀನು ಮಾಡಿದ ಬಾರುಗಳು ಇನ್ನೂ ಎಷ್ಟು ಮಷೀನುಗಳ ಮೇಲಿವೆ ಗೊತ್ತಾ, ಮಾನ್ಯ? ಈಗ ಎಲ್ಲವನ್ನೂ ಮತ್ತೆ ತಟ್ಟಿ ನೋಡಬೇಕು” ಎಂದರು. ಬೈದಿದ್ದರೆ ವಾಸಿಯಿತ್ತು.

ಕೆಲಸ ಹೋಯಿತು. ನಾನು ಮಾಡಿದ್ದನ್ನೆಲ್ಲ ಕಂಪನಿಯವರು ಬರವಣಿಗೆಯಲ್ಲಿ ತೆಗೆದುಕೊಂಡು ಕಾರ್ಖಾನೆ ಇಲಾಖೆಗೂ ನಿಖಾತ್ ಮೇಡಮ್ಮಿನ ಕಂಪನಿಗೂ ಕಳಿಸಿದ್ದಾರೆ. ಪೊಲೀಸರಿಗೆ ಕೊಡುವ ವಿಚಾರ ವಕೀಲರು ನೋಡುತ್ತಿದ್ದಾರಂತೆ. ಕೊಟ್ಟರೆ ಕೊಡಲಿ. ನಾನು ಮಾಡಿದ್ದೇನೆ, ನಾನು ಅನುಭವಿಸುತ್ತೇನೆ.

ಆಫ್ತಾಬ್‌ ಅವರಿಗೆ ಫೋನು ಮಾಡಿದೆ. ಬಾರು ನಾನು ಕೆಡಿಸಿ ಕಳಿಸಿದ್ದು ಎಂದು ಹೇಳಿದೆ. “ನಮ್ ಮನೇಲಿ ಕೈಕೂಸು ಐತೆ ತಂಗಿ” ಎಂದಷ್ಟೇ ಹೇಳಿ ಅವರು ಫೋನು ಇಟ್ಟರು.

ಆದರೆ ನನಗೆ ಬುದ್ಧಿ ಬಂದು, ಮನಸ್ಸು ಮೆತ್ತಗಾಗಿ ಹೋಗಿ ಹೇಳಿಕೊಂಡೆ ಎಂದು ನೀನು ತಿಳಿಯಬೇಡ. ಆಫ್ತಾಬ್‌ಗೆ ಫೋನು ಮಾಡಿದ್ದು ಹಾಗೆ. ಮೇಡಂ ಹತ್ತಿರ ಹೋದದ್ದು ಹಾಗಲ್ಲ. ಕೃಷ್ಣಪ್ಪ ನಮ್ಮ ಮನೆಯ ಕುರ್ಚಿಯಲ್ಲಿ ಕೂತು ನನ್ನನ್ನು ತೋರಿಸಿ ನಿನ್ನ ಬಾಯಿ ಕಟ್ಟುತ್ತಾನೆ ಎಂದು ಓದಿದಾಗ ಮೈಯೆಲ್ಲ ಉರಿಯಿತು. ಅವನ ಕೈಯಲ್ಲಿದ್ದದ್ದು ನನ್ನ ಗುಟ್ಟು ಒಂದೇ. ಅದನ್ನು ನಾನೇ ಬೀದಿಗೆ ಹಾಕಿದೆ. ಈಗ ಚಿಕ್ಕರಾಜು ಆ ರೆಕಾರ್ಡನ್ನು ಯಾರಿಗೆ ಬೇಕಾದರೂ ಕೇಳಿಸಲಿ.

ನನ್ನ ಬದುಕು ಉಳಿಸುವುದಕ್ಕೆ ನೀನು ನಿನ್ನ ಹೆಬ್ಬೆಟ್ಟನ್ನು ಇನ್ನೊಂದು ಸಲ ಅವನಿಗೆ ಕೊಡುತ್ತೀಯಾ? ಕೊಟ್ಟರೆ ನಾನು ನಿನ್ನ ಮುಖ ನೋಡುವುದಿಲ್ಲ. ಆ ದಿನ ನೀನು ಕೆಟ್ಟ ಬಾರೆಂದು ಗೊತ್ತಿದ್ದೂ ಓಡಿಸಿದ್ದನ್ನು ಅವರು ಕೇಳಿದರೆ ಅದನ್ನೂ ಹೇಳಿಬಿಡು. ನಾವಿಬ್ಬರೂ ಏನು ಮಾಡಿದೆವೋ ಅದಕ್ಕೆ ಏನು ಬರುತ್ತದೋ ಬರಲಿ. ಅವನು ಮಾಡಿದ್ದಕ್ಕೂ ಬರಬೇಕು.

ಇಪ್ಪತ್ತೆಂಟನೇ ತಾರೀಖು ಭಾನುವಾರ ಬೆಳಿಗ್ಗೆಯ ರೈಲಿಗೆ ಹೊರಡುತ್ತೇನೆ. ಅವ್ವನಿಗೆ ಹೇಳು, ಅವಳೂ ಬರಲಿ. ಸೋಮವಾರ ರಾಮನಗರದಲ್ಲಿ ಕೃಷ್ಣಪ್ಪ ಎಲ್ಲಿ ಕೂರುತ್ತಾನೋ ಅವನ ಎದುರಿಗೇ ನಾವು ಮೂವರೂ ಕೂರೋಣ. ನಿನ್ನ ಹೆಸರು ಮೊದಲು ಕರೆಯುತ್ತಾರೆ. ಎದ್ದು ನಿಂತು, ಅವನನ್ನು ನೋಡಿಕೊಂಡೇ ಹೇಳು.

ಮಾನ್ಯ